ಕ್ಯಾಪ್ಟನ್ ಹೊಡೆದ ಪೆನಾಲ್ಟಿ ಹಿಡಿಯಬಾರದು

ಪಿ.ಟಿ. ಟೀಚರ್ ಎಂದರೆ ಕೊರಳಲ್ಲಿ ವಿಷಲ್, ಕಾಲಲ್ಲಿ ಬಿಳಿ ಬೂಟು, ಬಿಸಿಲಲ್ಲಿ ನಿಂತು ಕೂಗುವ ಕೆಲಸ ಎಂದುಕೊಂಡು ನೀವು ಈ ನೌಕರಿಗೆ ಬರುತ್ತಿದ್ದರೆ ಅದು ಅರ್ಧ ಮಾತ್ರ ಸರಿ. ಉಳಿದರ್ಧ ಕುರ್ಚಿ ಜೋಡಿಸುವುದು. ಮೂವತ್ತೊಂದು ವರ್ಷದ ಸರ್ವಿಸ್‌ನಲ್ಲಿ ನಾನು ಊದಿದ ವಿಷಲ್‌ಗಿಂತ ಎತ್ತಿಟ್ಟ ಪ್ಲಾಸ್ಟಿಕ್ ಕುರ್ಚಿಗಳೇ ಹೆಚ್ಚು. ಯಾವ ಕುರ್ಚಿಯಲ್ಲಿ ಯಾರು ಕೂರಬೇಕು, ಯಾರ ಪಕ್ಕದಲ್ಲಿ ಯಾರು ಕೂರಬಾರದು ಎಂಬುದನ್ನು ಬಿ.ಪಿ.ಎಡ್.ನಲ್ಲಿ ಯಾರೂ ಕಲಿಸುವುದಿಲ್ಲ. ಅದನ್ನು ಏಟು ತಿಂದೇ ಕಲಿಯಬೇಕು.

ನಾನು ವನಜಾಕ್ಷಿ. ಹಲಸೂರಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತಳಾಗಿ ಎರಡು ವರ್ಷವಾಯಿತು. ಮನೆ ಜೀವನ್ ಬಿಮಾ ನಗರದಲ್ಲಿ. ಕಾಲೇಜಿನಲ್ಲಿ ಥ್ರೋಬಾಲ್ ಆಡಿ ಯೂನಿವರ್ಸಿಟಿ ಬಣ್ಣ ತೊಟ್ಟವಳು. ಆ ಟೀ ಶರ್ಟು ಈಗಲೂ ಬೀರುವಿನಲ್ಲಿದೆ. ಈಗ ಅದು ನನ್ನ ಮೈಗೆ ಆಗುವುದಿಲ್ಲ ಎನ್ನುವುದು ಬೇರೆ ಮಾತು.

ಮೊದಲು ಮೈದಾನದ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಶಾಲೆಗೆ ಮೈದಾನ ಇರುವುದಿಲ್ಲ. ನಮಗೂ ಇರಲಿಲ್ಲ. ಎರಡು ರಸ್ತೆ ದಾಟಿದರೆ ಸಾರ್ವಜನಿಕ ಮೈದಾನವೊಂದಿತ್ತು. ಬೆಳಿಗ್ಗೆ ಅದು ವಾಕಿಂಗ್‌ನವರದು, ಮಧ್ಯಾಹ್ನ ಮೇಕೆಗಳದು, ಸಂಜೆ ಕ್ರಿಕೆಟ್ಟಿನವರದು. ನಡುವೆ ಯಾವುದಾದರೂ ಪಕ್ಷದ ಸಭೆ. ಸಭೆಯ ಮರುದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಶಾಮಿಯಾನದ ಮೊಳೆ ಹೆಕ್ಕಿಸುತ್ತಿದ್ದೆ. ಪಾಠ ಯೋಜನೆಯ ಡೈರಿಯಲ್ಲಿ ಅದನ್ನು ‘ಸೊಂಟ ಬಾಗಿಸುವ ವ್ಯಾಯಾಮ’ ಎಂದು ಬರೆಯುತ್ತಿದ್ದೆ. ಇನ್‌ಸ್ಪೆಕ್ಟರ್ ಒಬ್ಬರು ಅದಕ್ಕೆ ಕೆಂಪು ಇಂಕಿನಲ್ಲಿ ‘ಉತ್ತಮ’ ಎಂದು ಬರೆದು ಹೋಗಿದ್ದರು.

ಇನ್ನು ನಿಮ್ಮ ಪೀರಿಯಡ್ಡು. ಅದೂ ನಿಮ್ಮದಲ್ಲ. ನಮ್ಮ ಗಣಿತದ ನಾಗರಾಜಯ್ಯ ಮೇಷ್ಟ್ರು ಸ್ಟಾಫ್ ರೂಮಿನ ಬಾಗಿಲಲ್ಲೇ ಕಾಯುತ್ತಿದ್ದರು. “ಮೇಡಂ, ಇವತ್ತೊಂದಿನ ನಿಮ್ಮ ಪೀರಿಯಡ್ ಕೊಟ್ಬಿಡಿ, ಪೋರ್ಷನ್ ಮುಗಿದಿಲ್ಲ.” ಅವರ ಪೋರ್ಷನ್ ಅವರು ನಿವೃತ್ತರಾಗುವ ದಿನದವರೆಗೂ ಮುಗಿಯಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಸೇರಿದ ವರ್ಷವೇ, ವಾರ್ಷಿಕ ಕ್ರೀಡಾಕೂಟದಲ್ಲಿ. ಅತಿಥಿಗಳಿಗೆ ಮ್ಯೂಸಿಕಲ್ ಚೇರ್ ಇಟ್ಟಿದ್ದೆವು. ಬಡಾವಣೆಯ ಮುಖಂಡರೊಬ್ಬರು ಬಿಳಿ ಪಂಚೆ ಉಟ್ಟು ಸುತ್ತು ಹಾಕುತ್ತಿದ್ದರು. ಹಾಡು ನಿಂತಿತು. ಎಲ್ಲರೂ ಕೂತರು, ಅವರು ನಿಂತೇ ಇದ್ದರು. ನಾನು ವಿಷಲ್ ಊದಿ, “ಸಾರ್, ನೀವು ಔಟ್” ಎಂದೆ. ಕಿಕ್ಕಿರಿದ ಮೈದಾನದಲ್ಲಿ ಆ ಮಾತು ಮೈಕಿನಲ್ಲಿ ಹೋಯಿತು. ಅವರು ನಕ್ಕು ಹೊರಟರು. ಮುಂದಿನ ಮೂರು ತಿಂಗಳು ನಮ್ಮ ಮೈದಾನದ ಅನುಮತಿಯ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲೇ ಇಲ್ಲ. ನಮ್ಮ ಹೆಡ್‌ಮಿಸ್ಟ್ರೆಸ್ ಫಿಲೋಮಿನಾ ಮೇಡಂ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: “ವನಜಾ, ಅತಿಥಿಗಳ ರೇಸಲ್ಲಿ ಫಸ್ಟ್ ಮಾತ್ರ ಇರುತ್ತೆ. ಸೆಕೆಂಡ್ ಇಲ್ಲ, ಔಟ್ ಅಂತೂ ಇಲ್ವೇ ಇಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

ಮರುವರ್ಷದಿಂದ ಅತಿಥಿಗಳಿಗಿಂತ ಒಂದು ಕುರ್ಚಿ ಹೆಚ್ಚಿಗೆ ಇಟ್ಟೆ. ಯಾರೂ ಔಟ್ ಆಗಲಿಲ್ಲ. ಆಟ ಮುಗಿಯಲೂ ಇಲ್ಲ. ಎಲ್ಲರಿಗೂ ಸುಸ್ತಾದ ಮೇಲೆ ಎಲ್ಲರಿಗೂ ಬಹುಮಾನ ಕೊಟ್ಟೆವು.

ಹೀಗೆ ಅಡ್ಜಸ್ಟ್ ಮಾಡಿಕೊಳ್ಳುವುದನ್ನು ನಾನು ಚೆನ್ನಾಗಿಯೇ ಕಲಿತೆ. ಎಷ್ಟು ಚೆನ್ನಾಗಿ ಎಂದರೆ, ಕೊನೆಗೆ ಅದೇ ನನ್ನನ್ನು ಒಬ್ಬ ದೊಡ್ಡ ಮನುಷ್ಯನ ಮುಂದೆ ತಲೆ ತಗ್ಗಿಸಿ ನಿಲ್ಲುವಂತೆ ಮಾಡಿತು.

ಆ ದೊಡ್ಡ ಮನುಷ್ಯ ಸೆಲ್ವರಾಜ್. ಹಲಸೂರಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕ್ಯಾಪ್ಟನ್ ಎನ್ನುತ್ತಿದ್ದರು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಫುಟ್‌ಬಾಲ್ ಆಡಿಯೇ ಕಾರ್ಖಾನೆಯೊಂದರಲ್ಲಿ ಕೆಲಸ ಗಿಟ್ಟಿಸಿ, ಅದರ ತಂಡಕ್ಕೆ ಹನ್ನೊಂದು ವರ್ಷ ನಾಯಕರಾಗಿದ್ದವರು. ಅವರ ಎಡಗಾಲಿನ ಹೊಡೆತ ನೋಡಲು ಶಿವಾಜಿನಗರದಿಂದ, ಕುಕ್ ಟೌನ್‌ನಿಂದ ಜನ ಸೈಕಲ್ ತುಳಿದುಕೊಂಡು ಬರುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಅವರಿಗೆ ಐವತ್ತರ ಹತ್ತಿರ. ಕೂದಲಿಗೆ ಕಪ್ಪು ಬಣ್ಣ, ಬೇಸಿಗೆಯಲ್ಲೂ ಬ್ಲೇಜರು, ಅದರ ಜೇಬಿನ ಮೇಲೆ ಚಿನ್ನದ ನೂಲಿನ ಲಾಂಛನ. ಟೀ ಅಂಗಡಿಯಲ್ಲಿ ನಿಂತರೆ ಅಲ್ಲಿದ್ದವರಿಗೆಲ್ಲ ಒಂದೊಂದು ಗೋಲಿನ ಕಥೆ. ಟೀ ಆರುವವರೆಗೂ ಆ ಗೋಲು ಆಗುತ್ತಲೇ ಇರುತ್ತಿತ್ತು.

ನಾವು ಅವರನ್ನು ಗೌರವ ತರಬೇತುದಾರರನ್ನಾಗಿ ಮಾಡಿಕೊಂಡಿದ್ದೆವು. ವಾರಕ್ಕೆರಡು ದಿನ ಬಂದು ಮಕ್ಕಳಿಗೆ ನಿಜವಾಗಿಯೂ ಕಲಿಸುತ್ತಿದ್ದರು. ಅದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಾಣಲಿಲ್ಲ.

ಒಂದು ವರ್ಷ ಅವರ ಮೊಣಕಾಲಿಗೆ ಆಪರೇಷನ್ ಆಯಿತು. ಎಂಟು ತಿಂಗಳು ಮನೆಯಲ್ಲಿದ್ದು, ಕ್ರೀಡಾಕೂಟದ ದಿನ ಕೋಲೂರಿಕೊಂಡು ಬಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ “ಕ್ಯಾಪ್ಟನ್, ಒಂದು ಪೆನಾಲ್ಟಿ” ಎಂದು ಕೂಗಿದರು. ಅವರು ಕೋಲನ್ನು ನನ್ನ ಕೈಗೆ ಕೊಟ್ಟು ಮೈದಾನಕ್ಕಿಳಿದರು. ಫಿಲೋಮಿನಾ ಮೇಡಂ ನನ್ನ ಕಿವಿಯಲ್ಲಿ, “ಗೋಲ್‌ಕೀಪರ್ ಹುಡುಗನಿಗೆ ಹೇಳಿ, ಆಪರೇಷನ್ ಆಗಿ ಬಂದಿದ್ದಾರೆ” ಎಂದರು. ನಾನು ಓಡಿಹೋಗಿ ಹೇಳಿದೆ. ಚೆಂಡು ಮೆಲ್ಲಗೆ ಉರುಳಿ ಒಳಗೆ ಹೋಯಿತು. ಕ್ಯಾಪ್ಟನ್ ಎರಡೂ ಕೈ ಮೇಲೆತ್ತಿದರು. ಅವತ್ತು ನಾನೂ ಅತ್ತೆ, ಮೇಡಂ ಕೂಡ ಅತ್ತರು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮರುವರ್ಷದಿಂದ ಅದು ಕಾರ್ಯಕ್ರಮ ಪಟ್ಟಿಯ ಕೊನೆಯ ಐಟಂ ಆಯಿತು: ‘ಕ್ಯಾಪ್ಟನ್ ಅವರಿಂದ ಪೆನಾಲ್ಟಿ, ನಂತರ ವಂದನಾರ್ಪಣೆ’. ಪ್ರತಿ ವರ್ಷ ಹೊಸ ಗೋಲ್‌ಕೀಪರ್‌ನನ್ನು ಪಕ್ಕಕ್ಕೆ ಕರೆದು, “ಕ್ಯಾಪ್ಟನ್ ಹೊಡೆದದ್ದನ್ನು ಹಿಡಿಯಬಾರದು. ಆದರೆ ಹಿಡಿಯೋ ಹಾಗೆ ಮಾಡ್ಬೇಕು” ಎಂದು ಹೇಳುವುದು ನನ್ನ ಕೆಲಸ. ಹುಡುಗರು ಅದನ್ನೊಂದು ಕಲೆಯಾಗಿಯೇ ಬೆಳೆಸಿದರು. ಒಬ್ಬನಂತೂ, ಚೆಂಡು ಎಡಕ್ಕೆ ಬಂದರೆ ಬಲಕ್ಕೆ ಎಂಥ ಜಿಗಿತ ಜಿಗಿದನೆಂದರೆ, ಎದ್ದಾಗ ಅವನ ಬಾಯಿ ತುಂಬ ಹುಲ್ಲು. ಅವನಿಗೆ ಆ ವರ್ಷ ನಾಟಕದ ಬಹುಮಾನ ಕೊಡಬೇಕಿತ್ತು ಎಂದು ಈಗಲೂ ನನ್ನ ಅಭಿಪ್ರಾಯ.

ಹೀಗೆ ಒಂಬತ್ತು ವರ್ಷ ನಡೆಯಿತು.

ಹತ್ತನೆಯ ವರ್ಷ ಶರಣಮ್ಮ ಬಂದಳು. ಎಂಟನೇ ತರಗತಿ. ಅಪ್ಪ, ಅವ್ವ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ರಾಮಮೂರ್ತಿ ನಗರದಲ್ಲಿ ಒಂದು ಬಾಡಿಗೆ ಕೋಣೆ. ಆ ವರ್ಷ ಇಂದಿರಾನಗರದಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಅವರಿಗೆ ಕೆಲಸ, ಹಾಗಾಗಿ ಮಗಳನ್ನೂ ಒಂದೇ ಬಸ್ಸಿನಲ್ಲಿ ಕರೆತಂದು ನಮ್ಮ ಶಾಲೆಗೆ ಬಿಡುತ್ತಿದ್ದರು.

ಅವಳನ್ನು ನನಗೆ ಪತ್ತೆ ಮಾಡಿಕೊಟ್ಟವರು ನಾಗರಾಜಯ್ಯ ಮೇಷ್ಟ್ರು. ಅವರಿಗೆ ತೂಕಡಿಸುವ ಮಕ್ಕಳ ಕಡೆಗೆ ಡಸ್ಟರ್ ಎಸೆಯುವ ಅಭ್ಯಾಸವಿತ್ತು. ಒಂದು ದಿನ ಸ್ಟಾಫ್ ರೂಮಿಗೆ ಬಂದು ಕೂತು, ನೀರು ಕುಡಿದು ಹೇಳಿದರು: “ಮೇಡಂ, ಕೊನೇ ಬೆಂಚಿನ ಹುಡುಗಿಗೆ ಡಸ್ಟರ್ ಎಸೆದೆ. ಒಂದೇ ಕೈಯಲ್ಲಿ ಹಿಡಿದ್ಲು. ಎದ್ದು ಬಂದು ಟೇಬಲ್ ಮೇಲಿಟ್ಟು, ‘ತಗೋರಿ ಸರ್’ ಅಂದ್ಳು. ನಿಮ್ಮ ಕ್ಲಾಸಲ್ಲಿ ಇರಬೇಕಾದವಳು ನನ್ನ ಕ್ಲಾಸಲ್ಲಿದಾಳೆ.”

“ಹಾಗಾದ್ರೆ ಆ ಪೀರಿಯಡ್ ನನಗೆ ಕೊಟ್ಬಿಡಿ ಸಾರ್” ಎಂದೆ. ಮೂವತ್ತೊಂದು ವರ್ಷದಲ್ಲಿ ಅವರಿಂದ ನಾನು ಪಡೆದ ಒಂದೇ ಒಂದು ಪೀರಿಯಡ್ ಅದು.

ಶರಣಮ್ಮನನ್ನು ಗೋಲಿನ ಮುಂದೆ ನಿಲ್ಲಿಸಿದೆ. ಚೆಂಡು ಎಲ್ಲಿಂದ ಬಂದರೂ ಅವಳ ಕೈ ಅಲ್ಲಿರುತ್ತಿತ್ತು. ಎಲ್ಲಿ ಕಲಿತೆ ಎಂದು ಕೇಳಿದೆ.

“ಅಪ್ಪ ಕೆಳಗಿಂದ ಇಟಂಗಿ ಒಗೀತಾರ್ರೀ, ಅವ್ವ ಮ್ಯಾಲ ಹಿಡೀತಾಳ. ನಾ ನೋಡಿ ನೋಡಿ ತಮ್ಮನ ಕೂಡ ಹಂಗೇ ಆಡ್ತಿದ್ದೆ ರೀ. ಇಟಂಗಿ ಬಿಟ್ರ ಕಾಲಿಗಿ ಬೀಳ್ತದ ನೋಡ್ರಿ. ಚೆಂಡು ಹಗುರ ಅದ.” ಇಟಂಗಿ ಎಂದರೆ ಅವರ ಕಡೆ ಇಟ್ಟಿಗೆ.

ಕ್ಯಾಪ್ಟನ್ ಅವಳನ್ನು ನೋಡಿದ್ದು ಎರಡು ದಿನ ಬಿಟ್ಟು. ಬ್ಲೇಜರ್ ಕಳಚಿ ಕುರ್ಚಿಯ ಮೇಲಿಟ್ಟು ಅವಳಿಗೆ ಕಲಿಸಲು ಇಳಿದರು. ಅವರು ಬ್ಲೇಜರ್ ಕಳಚಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆದರೆ ನಮ್ಮ ಹುಡುಗಿಯರ ತಂಡಕ್ಕೆ ಆಗಲೇ ಒಬ್ಬಳು ಗೋಲ್‌ಕೀಪರ್ ಇದ್ದಳು. ಒಂಬತ್ತನೇ ತರಗತಿಯ ಮೇಘನಾ, ಆಡಳಿತ ಮಂಡಳಿಯ ಸೆಕ್ರೆಟರಿ ರಂಗಸ್ವಾಮಿಯವರ ಮೊಮ್ಮಗಳು. ಒಳ್ಳೆಯ ಹುಡುಗಿ. ತಾತ ದುಬೈನಿಂದ ತರಿಸಿಕೊಟ್ಟ ಕೈಗವಸು ಅವಳ ಕೈಗಿಂತ ಎರಡು ಪಟ್ಟು ದೊಡ್ಡದು. ಚೆಂಡು ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು ಎನ್ನುವುದೊಂದೇ ತೊಂದರೆ. ಸೆಕ್ರೆಟರಿ ಪ್ರತಿ ಪಂದ್ಯಕ್ಕೂ ಮಡಚುವ ಕುರ್ಚಿ ತಂದು ಗೋಲಿನ ಹಿಂದೆಯೇ ಕೂರುತ್ತಿದ್ದರು.

ಆ ವರ್ಷದ ಮೊದಲ ಸ್ನೇಹಪಂದ್ಯ ಕೆ.ಆರ್. ಪುರದ ಒಂದು ಶಾಲೆಯ ಜೊತೆ. ಯಾರನ್ನು ಇಳಿಸಬೇಕೆಂದು ನನಗೆ ಗೊತ್ತಿತ್ತು. ಗೋಲಿನ ಹಿಂದಿನ ಕುರ್ಚಿಯನ್ನು ನೋಡಿದೆ, ಮೇಘನಾಳನ್ನು ಇಳಿಸಿದೆ. ಆರು ಗೋಲು ಬಿದ್ದವು. ಪ್ರತಿ ಗೋಲಿಗೂ ಸೆಕ್ರೆಟರಿ ಒಂದು ಕಾರಣ ಕೊಟ್ಟರು: ಬಿಸಿಲು, ಗಾಳಿ, ರೆಫರಿ, ಮತ್ತೆ ಬಿಸಿಲು, ಚೆಂಡಿನಲ್ಲಿ ಗಾಳಿ ಹೆಚ್ಚು, ಡಿಫೆನ್ಸಿನವರ ಸೋಮಾರಿತನ. ಶರಣಮ್ಮ ನೀರಿನ ಬಾಟಲಿಗಳ ಪಕ್ಕ ಕೂತು ಎಲ್ಲವನ್ನೂ ನೋಡಿದಳು. ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತು, “ಮೇಡಂ, ಅಕ್ಕಾಗ ಚೆಂಡಿನ ಅಂಜಿಕಿ ಅದ ರೀ. ಪಾಪ” ಎಂದಳು. ತನ್ನನ್ನೇಕೆ ಆಡಿಸಲಿಲ್ಲ ಎಂದು ಕೇಳಲಿಲ್ಲ.

ಈ ನಡುವೆ ಅವಳ ಅವ್ವ ಒಂದು ದಿನ ಶಾಲೆಗೆ ಬಂದಳು. ವಲಯ ಮಟ್ಟದ ಪಂದ್ಯದ ಸಂಭವನೀಯರ ಪಟ್ಟಿಗೆ ಹೆಸರು ನೋಂದಾಯಿಸಲು ಈಗ ಎಲ್ಲ ಆನ್‌ಲೈನು, ಪೋಷಕರ ಫೋನಿಗೆ ಬರುವ ಓಟಿಪಿ ಅಂಕಿ ಬೇಕು. ನಾನು ಸೇರಿದ ಕಾಲದಲ್ಲಿ ವಯಸ್ಸು ಗೊತ್ತುಮಾಡಲು ಹುಡುಗರ ಹಲ್ಲು ನೋಡುತ್ತಿದ್ದೆವು. ಹದಿನಾಲ್ಕರೊಳಗಿನ ತಂಡದಲ್ಲಿ ಅಂದೇ ಮೀಸೆ ಬೋಳಿಸಿಕೊಂಡು, ತುಟಿಯ ಮೇಲೆ ಗಾಯವಿಟ್ಟುಕೊಂಡು ಬಂದವರನ್ನು ಕಂಡಿದ್ದೇನೆ. ಕಂಪ್ಯೂಟರ್ ಬಂದ ಮೇಲೆ ಆ ಮೋಸ ಕಡಿಮೆಯಾಯಿತು, ನಿಜವಾಗಿಯೂ ಹದಿನಾಲ್ಕರೊಳಗಿನವರು ದಾಖಲೆಗೆ ಅಲೆಯುವ ಗೋಳು ಹೆಚ್ಚಾಯಿತು. ಅಂಕಿ ಬರುವುದನ್ನು ಕಾಯುತ್ತ ಅವ್ವ ಹೇಳಿದಳು: “ಈ ಬಿಲ್ಡಿಂಗ್ ಮುಗದ್ರ ನಾವು ಹೋಗೋದೇ ರೀ. ಎಲ್ಲಿ ಕೆಲಸ ಅಂತ ಗೊತ್ತಿಲ್ಲ. ಈಕಿಗಿ ಓದಾಕ ಸಾಲಿ ಎಲ್ಲಿ ನೋಡ್ಲಿ?”

ವಲಯ ಪಂದ್ಯ ನೋಡಲು ಕ್ರೀಡಾ ವಸತಿ ಶಾಲೆಯ ಆಯ್ಕೆದಾರರು ಬರುತ್ತಾರೆ. ಅಲ್ಲಿ ಸೀಟು ಸಿಕ್ಕರೆ ಅಪ್ಪ, ಅವ್ವ ಯಾವ ಊರಿಗೆ ಹೋದರೂ ಇವಳ ಓದು ನಿಲ್ಲುವುದಿಲ್ಲ. ನಾನು ಅದನ್ನು ಅವಳ ಅವ್ವನಿಗೆ ಹೇಳಿದೆ, “ನೋಡೋಣ” ಎಂದೂ ಸೇರಿಸಿದೆ. ನೋಡೋಣ ಎನ್ನುವುದು ನಮ್ಮ ಕಸುಬಿನಲ್ಲಿ ಹೇಡಿಗಳ ಮಾತು.

ಕ್ರೀಡಾಕೂಟ ಬಂತು. ಆ ವರ್ಷ ಕ್ಯಾಪ್ಟನ್ನರ ಪೆನಾಲ್ಟಿಗೆ ಮೇಘನಾ ನಿಲ್ಲಬೇಕೆಂದು ಸೆಕ್ರೆಟರಿಯವರ ಆಸೆ, ಆದರೆ ಆ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು. ಸರಿ, ಶರಣಮ್ಮನನ್ನು ಗೋಲಿಗೆ ನಿಲ್ಲಿಸಿದೆ. ಕುರ್ಚಿ, ಮೈಕು, ಬೊಕೆ, ಬಾರದ ಮುಖ್ಯ ಅತಿಥಿ, ಬಂದುಬಿಟ್ಟ ಕರೆಯದ ಅತಿಥಿ, ಇವುಗಳ ನಡುವೆ ಓಡಾಡುತ್ತ ಅವಳಿಗೆ ಹೇಳಬೇಕಾದ ಒಂದು ಮಾತನ್ನು ಮರೆತೆ.

ಕ್ಯಾಪ್ಟನ್ ಮೈದಾನಕ್ಕಿಳಿದರು. ಚೆಂಡನ್ನಿಟ್ಟು, ನಾಲ್ಕು ಹೆಜ್ಜೆ ಹಿಂದೆ ಬಂದು, ಜನರ ಕಡೆ ಕೈಬೀಸಿ, ಎಡಗಾಲಿನಲ್ಲಿ ಹೊಡೆದರು. ಆಗಷ್ಟೇ ನನಗೆ ನೆನಪಾದದ್ದು. ಕೈಯಲ್ಲಿದ್ದ ಬೊಕೆ ಹಿಡಿದುಕೊಂಡೇ ಎರಡು ಹೆಜ್ಜೆ ಓಡಿದೆ.

ಶರಣಮ್ಮ ಜಿಗಿಯಲೂ ಇಲ್ಲ. ಒಂದು ಹೆಜ್ಜೆ ಪಕ್ಕಕ್ಕಿಟ್ಟು ಚೆಂಡನ್ನು ಎದೆಗವುಚಿಕೊಂಡಳು. ನಂತರ ನಡೆದು ಬಂದು ಕ್ಯಾಪ್ಟನ್ನರ ಕೈಗೆ ಕೊಟ್ಟಳು. “ತಗೋರಿ ಸರ್.”

ಮೈದಾನದಲ್ಲಿ ಸದ್ದೇ ಇಲ್ಲ. ಮೈಕಿನ ಮುಂದಿದ್ದ ಸಮಾಜ ವಿಜ್ಞಾನದ ಟೀಚರ್ ಅಭ್ಯಾಸಬಲದಿಂದ “ಗೋಲ್” ಎಂದುಬಿಟ್ಟು, ಬಾಯಿ ಮುಚ್ಚಿಕೊಂಡರು. ಕ್ಯಾಪ್ಟನ್ ಚೆಂಡನ್ನು ನೋಡಿದರು, ಹುಡುಗಿಯನ್ನು ನೋಡಿದರು, ಕೊನೆಗೆ ಬೊಕೆ ಹಿಡಿದು ಮೈದಾನದ ಮಧ್ಯೆ ನಿಂತಿದ್ದ ನನ್ನನ್ನು ನೋಡಿದರು. ವಂದನಾರ್ಪಣೆಗೆ ನಿಲ್ಲದೆ ಸ್ಕೂಟರ್ ಹತ್ತಿ ಹೊರಟುಹೋದರು.

“ಹಿಡೀಬಾರ್ದಿತ್ತೇನ್ರೀ ಮೇಡಂ?” ಎಂದು ಶರಣಮ್ಮ ಕೇಳಿದಳು. “ಮಂದಿ ಯಾಕ ಸುಮ್ಮ ಕುಂತಾರ?”

“ನೀನೇನೂ ತಪ್ಪು ಮಾಡಿಲ್ಲ ಕಣೇ” ಎಂದೆ. ತಪ್ಪು ಯಾರದೆಂದು ಹೇಳಲಿಲ್ಲ.

ಮೂರನೆಯ ದಿನ ಕ್ಯಾಪ್ಟನ್ ಸ್ಟಾಫ್ ರೂಮಿಗೆ ಬಂದರು. ಬ್ಲೇಜರ್ ಇರಲಿಲ್ಲ. ನನ್ನೆದುರಿನ ಬೆಂಚಿನ ಮೇಲೆ ಕೂತರು.

“ಟೀಚರ್, ಒಂದ್ ಮಾತು ಕೇಳ್ತೀನಿ. ಸತ್ಯವಾ ಹೇಳ್ಬೇಕು. ಆ ಪಾಪು ಹಿಡಿದ್ಳಲ್ಲ, ಅದು ಲಡ್ಡು ಥರ ಬಾಲ್. ನಾನೇ ಹೊಡೆದಿದ್ದು, ನನಗೆ ಗೊತ್ತು. ಹೋದ್ ವರ್ಷನೂ ಅಂಥದ್ದೇ ಹೊಡ್ದೆ. ಅದಕ್ ಮುಂಚೆನೂ ಅಷ್ಟೇ. ಅದೆಲ್ಲ ಹೆಂಗೆ ಒಳಗೆ ಹೋಯ್ತು?”

ನಾನು ಮೇಜಿನ ಮೇಲಿದ್ದ ಅಳತೆ ಟೇಪನ್ನು ಸುತ್ತತೊಡಗಿದೆ.

“ಎಷ್ಟು ವರ್ಷದಿಂದ?” ಎಂದರು.

“ಮೊದಲಿಂದ.”

“ಒಂಬತ್ತೂ?”

“ಒಂಬತ್ತೂ ಸಾರ್. ಹುಡುಗರದ್ದೇನೂ ತಪ್ಪಿಲ್ಲ. ನಾನೇ ಹೇಳ್ತಿದ್ದೆ.”

ಅವರು ಒಂಬತ್ತು ಬೆರಳು ಮಡಚಿದರು. “ಒಂಬತ್ತು ಸಲ ಮನೆಗೆ ಹೋಗಿ ನನ್ನ ಹೆಂಡ್ತಿ ಮೇರಿಗೆ ಹೇಳಿದೀನಿ, ಇವತ್ತೂ ಗೋಲ್ ಅಂತ. ಅವಳು ಒಂಬತ್ತು ಸಲ ಪಾಯಸ ಮಾಡಿದಾಳೆ.” ನನ್ನ ಕಡೆ ತಿರುಗಿದರು. “ವಯಸ್ಸಾಯ್ತು ಅಂತ ಮುಖಕ್ಕೆ ಹೇಳಿದ್ರೆ ಎರಡು ದಿನ ಕೋಪ ಬರ್ತಿತ್ತು. ಅಷ್ಟೇ ಟೀಚರ್. ಈಗ ನೋಡಿ, ಒಂಬತ್ತು ವರ್ಷ ಊರೆಲ್ಲ ನನ್ನ ನೋಡಿ ನಕ್ಕಿದೆ.”

“ಯಾರೂ ನಗಲಿಲ್ಲ ಸಾರ್. ನಿಮ್ಮ ಮೇಲೆ ಪ್ರೀತಿ ಇತ್ತು.”

“ಪ್ರೀತಿ ಇದ್ರೆ ಹಿಡೀಬೇಕಿತ್ತು” ಎಂದು ಎದ್ದು ಹೋದರು.

ನನ್ನ ವೃತ್ತಿಯಲ್ಲಿ ಮೇಲಧಿಕಾರಿಗಳಿಂದ ಎಷ್ಟೋ ಬೈಗುಳ ತಿಂದಿದ್ದೇನೆ. ಯಾವುದೂ ಮನೆಯವರೆಗೆ ಬಂದಿರಲಿಲ್ಲ. ಇದು ಬಂತು. ವಾರವಿಡೀ ಊಟದ ತಟ್ಟೆಯ ಮುಂದೆ ಕೂತಾಗಲೆಲ್ಲ ನನಗೆ ಪಾಯಸವೇ ನೆನಪಾಗುತ್ತಿತ್ತು.

ಇತ್ತ ಸೆಕ್ರೆಟರಿಯವರು ಸುಮ್ಮನಿರಲಿಲ್ಲ. ‘ಕ್ಯಾಪ್ಟನ್ನರಿಗೆ ಅವಮಾನ’ ಎಂಬ ಮಾತನ್ನು ಅವರೇ ಎಲ್ಲ ಕಡೆ ಹಬ್ಬಿಸಿದರು. ವಲಯ ತಂಡದ ಆಯ್ಕೆ ಸಮಿತಿಯ ಸಭೆ ಶನಿವಾರ ಎಂದಾಯಿತು. ಸಮಿತಿಯಲ್ಲಿ ಮೂರು ಮತ: ಸೆಕ್ರೆಟರಿ, ಹೆಡ್‌ಮಿಸ್ಟ್ರೆಸ್, ಕ್ಯಾಪ್ಟನ್. ನಾನು ಸಂಚಾಲಕಿ. ಸಂಚಾಲಕಿಗೆ ಮತವಿಲ್ಲ, ಟೀ ತರಿಸುವ ಅಧಿಕಾರವಿದೆ.

ಶುಕ್ರವಾರ ಮಧ್ಯಾಹ್ನ ಮೇಘನಾ ಕ್ರೀಡಾ ಸಾಮಗ್ರಿಯ ಕೋಣೆಗೆ ಬಂದು ಬಾಗಿಲು ಮುಚ್ಚಿದಳು.

“ಮೇಡಂ, ಪ್ಲೀಸ್, ನನ್ನ ಟೀಮಿಂದ ತೆಗೆದ್ಬಿಡಿ. ಬಾಲ್ ಬಂದ್ರೆ ನನಗೆ ಕಣ್ಣೇ ಮುಚ್ಚಿಹೋಗುತ್ತೆ. ಸ್ಪೋರ್ಟ್ಸ್ ಡೇ ದಿನ ಹೊಟ್ಟೆನೋವು ಅಂದಿದ್ದು ಸುಳ್ಳು.”

“ತಾತನಿಗೆ ಹೇಳೋದಲ್ವೇನಮ್ಮ?”

“ಹೇಗೆ ಹೇಳ್ಲಿ? ತಾತ ಚಿಕ್ಕೋರಿದ್ದಾಗ ಅವರನ್ನ ಯಾವ ಟೀಮಿಗೂ ಸೇರಿಸ್ಲಿಲ್ವಂತೆ. ನಾನು ಗೋಲಲ್ಲಿ ನಿಂತಾಗ ಫೋಟೋ ತೆಗೆದು ಎಲ್ಲರಿಗೂ ಕಳಿಸ್ತಾರೆ. ನಾನೇ ಬೇಡ ಅಂದೆ ಅಂತ ಮಾತ್ರ ಹೇಳ್ಬೇಡಿ ಮೇಡಂ.”

ಎರಡು ವರ್ಷ ನಾನು ಆ ಹುಡುಗಿಯನ್ನು ಸೆಕ್ರೆಟರಿಯ ಮೊಮ್ಮಗಳೆಂದು ಗೋಲಿಗೆ ನಿಲ್ಲಿಸಿದ್ದೆ. ನಿನಗೆ ಇಷ್ಟವೇ ಎಂದು ಒಂದು ದಿನವೂ ಕೇಳಿರಲಿಲ್ಲ. ಶಾಲೆಯ ಆಟದ ರಾಜಕೀಯ ಎಂದರೆ ಬಡವರ ಮಕ್ಕಳಿಗೆ ಅನ್ಯಾಯ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ನಮ್ಮ ಕಡೆಯಿಂದ ‘ಲಾಭ’ ಪಡೆದ ಮಗುವೂ ಬಾಗಿಲು ಮುಚ್ಚಿಕೊಂಡು ಅತ್ತದ್ದನ್ನು ನಾನು ಕಂಡಿದ್ದೇನೆ.

ಶನಿವಾರದ ಸಭೆ. ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. “ಪ್ರತಿಭೆ ಎಲ್ಲರಲ್ಲೂ ಇರುತ್ತೆ. ಆದ್ರೆ ಶಿಸ್ತು, ಹಿರಿಯರಲ್ಲಿ ಗೌರವ, ಅದು ಮುಖ್ಯ. ಅವತ್ತು ಕ್ಯಾಪ್ಟನ್ ಅವರಿಗೆ ಆದದ್ದರಿಂದ ನಮಗೆಲ್ಲ ನೋವಾಗಿದೆ. ಆ ಹುಡುಗೀನ ಮುಂದಿನ ವರ್ಷ ನೋಡೋಣ.”

ಫಿಲೋಮಿನಾ ಮೇಡಂ ಟೀ ಲೋಟವನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. “ಸಾರ್, ನನಗೆ ಮತ ಇಲ್ಲ, ಗೊತ್ತು. ಆದ್ರೂ ಹೇಳ್ತೀನಿ. ಆ ಹುಡುಗಿ ಮುಂದಿನ ವರ್ಷ ಈ ಊರಲ್ಲೇ ಇರಲ್ಲ. ಅವಳು ಅಗೌರವ ತೋರಿಸಲಿಲ್ಲ. ಹಿಡೀಬೇಡ ಅಂತ ಹೇಳೋದು ನಾನು ಮರೆತೆ. ಹೇಳಿದ್ರೆ ಅದೇ ಅಗೌರವ ಆಗ್ತಿತ್ತು.”

ಇಷ್ಟು ಉದ್ದದ ಮಾತನ್ನು ಆ ಕೋಣೆಯಲ್ಲಿ ನಾನು ಹಿಂದೆ ಆಡಿರಲಿಲ್ಲ. ಸೆಕ್ರೆಟರಿ ಕನ್ನಡಕ ತೆಗೆದು ನನ್ನನ್ನು ನೋಡಿದರು.

ಅಷ್ಟರಲ್ಲಿ ಕ್ಯಾಪ್ಟನ್ ಎದ್ದರು. “ಸಾರ್, ಮಾತು ಯಾಕೆ? ಇಬ್ರನ್ನೂ ಮೈದಾನಕ್ಕೆ ಕರೀರಿ. ಐದೈದು ಪೆನಾಲ್ಟಿ ನಾನೇ ಹೊಡೀತೀನಿ. ಯಾರು ಜಾಸ್ತಿ ಹಿಡೀತಾರೋ ಅವ್ರು. ಪಾಪುಗಳಾ, ಕೇಳಿ,” ಎಂದು ಬಾಗಿಲ ಹೊರಗೆ ಕಾಯುತ್ತಿದ್ದ ಹುಡುಗಿಯರಿಗೆ ಹೇಳಿದರು, “ನನಗೋಸ್ಕರ ಯಾರೂ ಬಿಡಬಾರ್ದು. ಬಿಟ್ರೆ ನನಗೆ ಗೊತ್ತಾಗುತ್ತೆ.” ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡಿದರು.

ಮೊದಲು ಮೇಘನಾ. ಕ್ಯಾಪ್ಟನ್ ಐದು ಚೆಂಡನ್ನೂ ಸಾಧಾರಣವಾಗಿ ಹೊಡೆದರು. ಅವಳು ಪ್ರತಿ ಸಲವೂ ಚೆಂಡು ಬರುವ ದಿಕ್ಕನ್ನು ಸರಿಯಾಗಿ ನೋಡಿ, ಅದರ ವಿರುದ್ಧ ದಿಕ್ಕಿಗೆ ಹಾರಿದಳು. ಅಷ್ಟು ಖುಷಿಯಿಂದ ಅವಳು ಆಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಸೆಕ್ರೆಟರಿ, “ಇವತ್ತೂ ಗಾಳಿ ಜಾಸ್ತಿ” ಎಂದರು. ಮೈದಾನದ ಮೂಲೆಯ ಬಾವುಟ ಅಲ್ಲಾಡುತ್ತಿರಲಿಲ್ಲ.

ಆಮೇಲೆ ಶರಣಮ್ಮ. ಕ್ಯಾಪ್ಟನ್ ಬೂಟಿನ ಲೇಸ್ ಬಿಚ್ಚಿ ಮತ್ತೆ ಕಟ್ಟಿದರು. ಮೊದಲನೆಯದು ಹಿಡಿದಳು. ಎರಡನೆಯದನ್ನು ತಳ್ಳಿದಳು. ಮೂರನೆಯದು ಗಟ್ಟಿ ಹೊಡೆತ, ಬೆರಳ ತುದಿಯಲ್ಲಿ ಹೊರಗೆ ಹಾಕಿದಳು. ನಾಲ್ಕನೆಯದೂ ಹೋಗಲಿಲ್ಲ. ಕ್ಯಾಪ್ಟನ್ನರ ಅಂಗಿ ಬೆವರಿನಲ್ಲಿ ಬೆನ್ನಿಗಂಟಿತ್ತು, ಬಲ ಮೊಣಕಾಲನ್ನು ಕೈಯಲ್ಲಿ ಒತ್ತಿ ಹಿಡಿದಿದ್ದರು. ಸಾಕು ಎಂದು ಫಿಲೋಮಿನಾ ಮೇಡಂ ಹೇಳಿದರೆ ಕೈ ಅಡ್ಡ ಮಾಡಿದರು.

ಐದನೆಯದಕ್ಕೆ ನಾಲ್ಕು ಹೆಜ್ಜೆಯ ಬದಲು ಎರಡೇ ಹೆಜ್ಜೆ ತೆಗೆದುಕೊಂಡರು. ಎಡಗಾಲು ಚೆಂಡಿನ ಕೆಳಗೆ ಹೋದದ್ದು ಕಂಡಿತು. ಚೆಂಡು ನೇರ ಹೋಗಿ, ಗೋಲಿನ ಹತ್ತಿರ ಒಳಕ್ಕೆ ತಿರುಗಿ, ಮೇಲಿನ ಮೂಲೆಗೆ ಬಡಿದು ಬಲೆಯನ್ನು ನಡುಗಿಸಿತು. ಶರಣಮ್ಮ ಪೂರ್ತಿ ಹಾರಿದ್ದಳು. ಕ್ಯಾಪ್ಟನ್ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು.

ಈ ಸಲ ಕೈ ಮೇಲೆತ್ತಲಿಲ್ಲ. ಹುಡುಗಿಯನ್ನು ಹತ್ತಿರ ಕರೆದರು. “ಬಿಟ್ಟೆಯಾ?”

“ಇಲ್ರೀ ಸರ್. ನಾ ಹಾರಿದ್ದೆ, ಸಿಗಲಿಲ್ಲ. ಅದು ಹೆಂಗ ತಿರುಗಿತು? ನನಗ ಕಲಿಸ್ರಿ.”

ಅವರು ಅವಳ ಮೊಣಕೈ ನೋಡಿದರು. ಚರ್ಮ ಸುಲಿದು ರಕ್ತ ಬಂದಿತ್ತು. ಆಗ ನಂಬಿದರು. ನನ್ನನ್ನು ಕೇಳಲಿಲ್ಲ. ನಾನು ಹೇಳಿದ್ದರೂ ನಂಬುತ್ತಿರಲಿಲ್ಲ, ಅದು ನ್ಯಾಯವೇ.

ಸೆಕ್ರೆಟರಿ ಮಡಚುವ ಕುರ್ಚಿಯನ್ನು ಮಡಚಿದರು. ಮೇಘನಾ ಓಡಿಬಂದು ಅವರ ಕೈಹಿಡಿದು, “ಸಾರಿ ತಾತ” ಎಂದಳು. “ಅಯ್ಯೋ, ಪ್ರಯತ್ನ ಪಟ್ಟೆಯಲ್ಲ ಮಗಳೇ” ಎಂದು ಅವಳ ತಲೆ ಸವರಿದರು. ಹೋಗುವಾಗ ನನ್ನ ಹತ್ತಿರ ನಿಂತು, “ಬರ್ಕೊಳ್ಳಿ ಮೇಡಂ, ಆ ಹುಡುಗಿ ಹೆಸರು” ಎಂದರು. ಅಷ್ಟು ವರ್ಷ ಅವರ ಬಗ್ಗೆ ಸ್ಟಾಫ್ ರೂಮಿನಲ್ಲಿ ನಾನು ಮಾಡಿದ ತಮಾಷೆಗಳಲ್ಲಿ ಅರ್ಧವನ್ನಾದರೂ ವಾಪಸು ತೆಗೆದುಕೊಳ್ಳಬೇಕೆನಿಸಿತು. ಪೂರ್ತಿ ಅಲ್ಲ.

ವಲಯ ಪಂದ್ಯದಲ್ಲಿ ನಾವು ಫೈನಲ್‌ವರೆಗೆ ಹೋಗಿ ಒಂದು ಗೋಲಿನಿಂದ ಸೋತೆವು. ಆ ಗೋಲು ನಮ್ಮ ಡಿಫೆಂಡರೇ ಹೊಡೆದದ್ದು. ಶರಣಮ್ಮನಿಗೆ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತು. ಬಸ್ಸು ಹತ್ತಿಸಲು ಬಂದ ಅವಳ ಅವ್ವ ನನಗೆ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. ಮೇಘನಾ ತಂಡದ ಸ್ಕೋರರ್ ಆಗಿ, ಆಮೇಲೆ ರೆಫರಿ ಪರೀಕ್ಷೆ ಪಾಸಾಗಿ, ಈಗ ಹುಡುಗರಿಗೆ ಹಳದಿ ಚೀಟಿ ತೋರಿಸುತ್ತಾಳೆ. ತಾತ ಅದರ ಫೋಟೋ ಕಳಿಸುತ್ತಾರೆ.

ಕ್ಯಾಪ್ಟನ್ ನನ್ನೊಡನೆ ಎರಡು ತಿಂಗಳು ಮಾತು ಬಿಟ್ಟಿದ್ದರು. ಆಮೇಲೆ ಒಂದು ದಿನ ಟೀ ಅಂಗಡಿಯ ಮುಂದೆ ನಿಲ್ಲಿಸಿ, “ಆ ಕೊನೇ ಬಾಲ್ ನೋಡಿದ್ರಲ್ಲ?” ಎಂದರು. ನೋಡಿದೆ ಎಂದೆ. ಟೀ ಆರುವವರೆಗೂ ಅದನ್ನು ಹೇಳಿದರು. ಈ ಸಲ ನಾನು ಪೂರ್ತಿ ಕೇಳಿದೆ. ಕಾರ್ಯಕ್ರಮ ಪಟ್ಟಿಯಿಂದ ಆ ಪೆನಾಲ್ಟಿ ಐಟಂ ತೆಗೆಸಿದವರೂ ಅವರೇ. ಕೂದಲ ಬಣ್ಣ ಮಾತ್ರ ಬಿಡಲಿಲ್ಲ. ಅದು ಅವರ ಸ್ವಂತ ವಿಷಯ.

ವಯಸ್ಸಾದ ಆಟಗಾರರ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಅವರು ನಿಲ್ಲಿಸುವುದಿಲ್ಲವೆಂದು ನಾವು ನಗುತ್ತೇವೆ. ನಿಲ್ಲಿಸಲು ಬೇಕಾದ ಸುದ್ದಿಯನ್ನು ಅವರಿಗೆ ತಲುಪಿಸದೆ ಇರುವವರೂ ನಾವೇ. ಹಾರ ಹಾಕುತ್ತೇವೆ, ಕುರ್ಚಿ ಹಾಕುತ್ತೇವೆ, ಸುಳ್ಳು ಗೋಲು ಕೊಡುತ್ತೇವೆ. ಅವರಿಗೆ ಬೇಕಾದದ್ದು ಒಬ್ಬ ಪ್ರಾಮಾಣಿಕ ಎದುರಾಳಿ.

ಶರಣಮ್ಮ ಈಗ ಬಿ.ಪಿ.ಎಡ್. ಕೊನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿ, “ಮೇಡಂ, ಈ ನೌಕರಿ ಖರೇನ ಹೆಂಗಿರ್ತದ್ರೀ? ಬರದ್ ಕೊಡ್ರಿ, ನನ್ನ ಗೆಳತ್ಯಾರೂ ಓದ್ತಾರ” ಎಂದಳು. ಅದಕ್ಕೇ ಬರೆಯಲು ಕೂತೆ.

ಬರೆಯುತ್ತಿರುವಾಗಲೇ ನನ್ನ ಬಾಳಿನಲ್ಲೂ ಒಂದು ಘಟನೆ ನಡೆಯಿತು, ಅದನ್ನೂ ಹೇಳದಿದ್ದರೆ ಮೇಲಿನದೆಲ್ಲ ಬೋಧನೆಯಾಗುತ್ತದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹಿರಿಯ ಮಹಿಳೆಯರ ಥ್ರೋಬಾಲ್ ತಂಡವಿದೆ. ಯೂನಿವರ್ಸಿಟಿ ಆಟಗಾರ್ತಿ ಎಂದು ನನ್ನನ್ನು ಟ್ರಯಲ್ ಇಲ್ಲದೆಯೇ ನಾಯಕಿ ಮಾಡಿದ್ದರು. ನಾನೂ ಬೇಡ ಎನ್ನಲಿಲ್ಲ. ಕಳೆದ ಭಾನುವಾರ ಪಕ್ಕದ ಬಡಾವಣೆಯವರ ಜೊತೆ ಪಂದ್ಯ. ಬ್ಯಾಂಕಿನಿಂದ ನಿವೃತ್ತರಾದ ಸರೋಜಾ ನನ್ನ ಹತ್ತಿರ ಬಂದು, ಎಲ್ಲರೂ ಕೇಳುವ ಹಾಗೆ ಹೇಳಿದರು: “ವನಜಾ, ಹೋದ್ಸಲ ಐದು ಕ್ಯಾಚ್ ಬಿಟ್ರಿ. ಇವತ್ತು ನೀವು ಸ್ಕೋರ್ ಬರ್ಕೊಳ್ಳಿ.”

ನಾಲ್ಕು ಎಂದು ನಾನು ವಾದಿಸಿದೆ. ಐದೇ ಎಂದು ಉಳಿದವರೆಲ್ಲ ಹೇಳಿದರು. ಸ್ಕೋರ್ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಮನೆಗೆ ಬಂದೆ. ಮನೆಯವರು ಏನಾಯ್ತು ಎಂದರೆ ಪಂದ್ಯ ಬೇಗ ಮುಗಿಯಿತು ಎಂದೆ. ಸೋಮವಾರ ಪಾರ್ಕಿನ ಆ ಗೇಟಿನ ಕಡೆ ಹೋಗಲಿಲ್ಲ, ಸುತ್ತುಬಳಸಿ ತರಕಾರಿ ತಂದೆ. ಮಂಗಳವಾರ ಸರೋಜಾ ಎದುರು ಸಿಕ್ಕರು, ನೋಡದವಳಂತೆ ರಸ್ತೆ ದಾಟಿದೆ.

ಇವತ್ತು ಬುಧವಾರ. ಸ್ಕೋರ್ ಬರೆಯಲು ಪೆನ್ಸಿಲ್ ಚೂಪು ಮಾಡಿಟ್ಟುಕೊಂಡಿದ್ದೇನೆ. ಐದು ಗಂಟೆಗೆ ಪ್ರಾಕ್ಟೀಸು.